ಹಳೇ ಕಾರಿನ ಗೇರ್ ಲಿವರ್ ಲೂಸ್ ಆಗಿದೆ, ಎಲ್ಲಿಂದ ಶುರು ಮಾಡಲಿ?

ಮುಂದಿನ ಚಕ್ರ ಎಳೆಯುವ ಹಳೇ ಕಾರು, ಐದು ಗೇರ್. ಗೇರ್ ಹಾಕಿದ ಮೇಲೂ ಲಿವರ್ ಎಡಕ್ಕೆ ಬಲಕ್ಕೆ ಓಲಾಡುತ್ತದೆ. ಮೂರಕ್ಕೆ ಹಾಕಲು ಹೋದರೆ ಒಮ್ಮೊಮ್ಮೆ ಐದಕ್ಕೆ ಹೋಗಿಬಿಡುತ್ತದೆ, ರಿವರ್ಸ್ ಅಂತೂ ಹುಡುಕಬೇಕು. ಆದರೆ ಹಾಕಿದ ಗೇರ್ ತಾನಾಗಿ ಬಿಟ್ಟುಕೊಳ್ಳುವುದಿಲ್ಲ, ಕರಕರ ಸದ್ದೂ ಇಲ್ಲ. ತೋರಿಸಿದ ಕಡೆ ಗೇರ್‌ಬಾಕ್ಸ್ ಇಳಿಸಬೇಕು ಅಂದರು. ಈ ತೊಂದರೆ ಸರಿಮಾಡಿಕೊಂಡವರು ಯಾರಾದರೂ ಇದ್ದರೆ ಹೇಳಿ, ನಾನೇ ಮಾಡಬಹುದಾದ ಕೆಲಸವಾ ಇದು?

—

ಗೇರ್‌ಬಾಕ್ಸ್ ಇಳಿಸುವ ಮಾತು ಸದ್ಯಕ್ಕೆ ಬೇಡ. ಗೇರ್ ಬಿಟ್ಟುಕೊಳ್ಳುತ್ತಿಲ್ಲ, ಸದ್ದಿಲ್ಲ ಅಂದರೆ ಒಳಗೆ ಗೇರ್ ಸರಿಸುವ ಫೋರ್ಕ್, ವೇಗ ಹೊಂದಿಸುವ ಸಿಂಕ್ರೊ ಇವೆಲ್ಲ ಬಹುತೇಕ ಚೆನ್ನಾಗಿಯೇ ಇವೆ. ತೊಂದರೆ ಇರುವುದು ಲಿವರ್‌ಗೂ ಗೇರ್‌ಬಾಕ್ಸ್‌ಗೂ ನಡುವೆ, ಯಾವುದೋ ಒಂದು ಸಣ್ಣ ಪ್ಲಾಸ್ಟಿಕ್ ಅಥವಾ ರಬ್ಬರ್ ಬುಷ್‌ನಲ್ಲಿ, ಅಂದರೆ ಕೀಲಿನೊಳಗೆ ಕೂರುವ ಬಳೆಯಂಥ ಚೂರಿನಲ್ಲಿ.

ಇಷ್ಟು ಸಣ್ಣ ಬುಷ್‌ಗೆ ಅಷ್ಟೊಂದು ಆಟ ಹೇಗೆ ಬರುತ್ತದೆ ಅಂತ ಅನ್ನಿಸಬಹುದು. ಲಿವರ್ ತಿರುಗುವ ಜಾಗದಿಂದ ಕೆಳಗೆ 5 ಸೆಂ.ಮೀ., ಮೇಲೆ ಕೈಯಲ್ಲಿ ಹಿಡಿಯುವ ಗುಂಡಿಯವರೆಗೆ 25 ಸೆಂ.ಮೀ. ಇದೆ ಅಂದುಕೊಳ್ಳಿ. ಕೆಳಗೆ 1 ಮಿ.ಮೀ. ಸವೆದರೆ ನಿಮ್ಮ ಕೈಗೆ ಅದು 5 ಮಿ.ಮೀ. ಆಗಿ ಗೊತ್ತಾಗುತ್ತದೆ. ನಾಲ್ಕು ಕಡೆ ಅರ್ಧರ್ಧ ಮಿ.ಮೀ. ಸವೆದಿದ್ದರೆ ಒಟ್ಟು 2 ಮಿ.ಮೀ., ಮೇಲೆ ಒಂದು ಸೆಂ.ಮೀ. ಓಲಾಟ. ಹಾಗಾಗಿ ಒಂದೇ ಬುಷ್ ಹಾಕಿ ನಿರಾಶೆ ಪಡಬೇಡಿ.

ಏನನ್ನೂ ಕೊಳ್ಳುವ ಮೊದಲು ಪತ್ತೆ ಮಾಡಿ. ಇಂಜಿನ್ ಆಫ್, ಸಮತಟ್ಟು ಜಾಗ, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಅಡ್ಡ ಇಟ್ಟಿರಬೇಕು. ಲಿವರ್ ಸುತ್ತಲಿನ ಬೂಟ್ ಕವರ್ ಬಿಚ್ಚಿ, ಇನ್ನೊಬ್ಬರಿಗೆ ಲಿವರ್ ಅಲ್ಲಾಡಿಸಲು ಹೇಳಿ. ನೀವು ಒಂದೊಂದೇ ಕೀಲಿಗೆ ಬೆರಳಿಟ್ಟು ನೋಡುತ್ತಾ ಹೋಗಿ. ಈ ಕಡೆ ಅಲ್ಲಾಡಿ ಆ ಕಡೆ ಅಲ್ಲಾಡದ ಕೀಲು ಸಿಕ್ಕಿತು ಅಂದರೆ ಕಳ್ಳ ಅದೇ. ಕಣ್ಣಿಗಿಂತ ಬೆರಳಿಗೇ ಬೇಗ ಗೊತ್ತಾಗುತ್ತದೆ. ಮತ್ತೆ, ಕಾರಿನ ಕೆಳಗೆ ಹೋಗುವುದಾದರೆ ಸ್ಟ್ಯಾಂಡ್ ಇಲ್ಲದೆ ಬರೀ ಜ್ಯಾಕ್ ನಂಬಿ ಹೋಗಬೇಡಿ.

—

ಲಿವರ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವುದು ಕೇಬಲ್ಲಾ, ರಾಡಾ, ಅಂದರೆ ನಿಮ್ಮದು ಕೇಬಲ್ ಮಾದರಿಯಾ, ರಾಡ್ ಮಾದರಿಯಾ ಅಂತ ಮೊದಲು ನೋಡಿ. ಕೇಬಲ್ ಆದರೆ ಎರಡು ಇರುತ್ತವೆ: ಒಂದು ಮುಂದೆ ಹಿಂದೆ ಎಳೆಯುವುದಕ್ಕೆ, ಇನ್ನೊಂದು ಎಡ ಬಲಕ್ಕೆ. ನೀವು ಹೇಳಿದ ಲಕ್ಷಣ ಪೂರ್ತಿ ಎಡ ಬಲದ್ದು, ಅಂದರೆ ಸೆಲೆಕ್ಟ್ ಕೇಬಲ್ ಕಡೆ. ಮುಂದೆ ಹಿಂದೆ ಲೂಸ್ ಆಗಿದ್ದರೆ ಅದನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಬೇಕು. ಲಿವರ್ ಪೂರ್ತಿ ಹೋದರೂ ಗೇರ್ ಪೂರ್ತಿ ಕೂತಿರುವುದಿಲ್ಲ, ಆಮೇಲೆ ಹಲ್ಲುಗಳೇ ಸವೆಯುತ್ತವೆ.

ನನ್ನ ಕಾರಿನಲ್ಲೂ ಇದೇ ಆಗಿತ್ತು. ಗೇರ್‌ಬಾಕ್ಸ್ ತುದಿಯಲ್ಲಿ ಕೇಬಲ್ ಕಿವಿಯೊಳಗಿನ (ತುದಿಯ ಬಳೆಯೊಳಗಿನ) ಬುಷ್ ಪುಡಿಪುಡಿ. ತೆಗೆಯುವಾಗ ಸ್ಕ್ರೂಡ್ರೈವರ್‌ನಿಂದ ಒಂದೇ ಕಡೆ ಮೀಟಬೇಡಿ, ಹಳೇ ಪ್ಲಾಸ್ಟಿಕ್ ಪಟ್ಟನೆ ಮುರಿಯುತ್ತದೆ. ಎರಡು ಚಪ್ಪಟೆ ಸ್ಪ್ಯಾನರ್ ಎರಡೂ ಬದಿಗೆ ತೂರಿಸಿ ಸಮವಾಗಿ ಮೇಲೆತ್ತಿ. ಹೊಸ ಬುಷ್ ಅನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಮೆತ್ತಗಾಗಿ ಸಲೀಸಾಗಿ ಕೂರುತ್ತದೆ. ಕೆಲವು ಕಾರುಗಳಿಗೆ ಬುಷ್ ಬೇರೆ ಸಿಗುವುದಿಲ್ಲ, ಕೇಬಲ್ ಸಮೇತವೇ ತೆಗೆದುಕೊಳ್ಳಿ ಅನ್ನುತ್ತಾರೆ. ಆಗಲೂ ಹುಡುಕಿ, ರಿಪೇರಿ ಬುಷ್ ಮಾಡುವವರು ಇದ್ದಾರೆ.

ಇನ್ನೊಂದು ಮಾತು. ಕೇಬಲ್ ತುದಿ ದಾರಿಯಲ್ಲೇ ಕಳಚಿಕೊಂಡರೆ ನೈಲಾನ್ ಟೈ ಬಿಗಿದು ನಿಧಾನವಾಗಿ ಮನೆಗೆ ಬರಬಹುದು. ಅದನ್ನೇ ರಿಪೇರಿ ಅಂದುಕೊಂಡು ವರ್ಷಗಟ್ಟಲೆ ಓಡಿಸುವವರೂ ಇದ್ದಾರೆ, ನನಗಂತೂ ಅದು ಸರಿ ಕಾಣುವುದಿಲ್ಲ.

—

ರಾಡ್ ಮಾದರಿ ಆಗಿದ್ದರೆ ಕಥೆ ಬೇರೆ. ಒಂದೇ ರಾಡ್ ಮುಂದೆ ಹಿಂದೆ ಜಾರುತ್ತದೆ, ತನ್ನ ಸುತ್ತ ತಿರುಗುತ್ತದೆ ಕೂಡ. ಬಹಳ ಕಾರುಗಳಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ರಾಡ್ ಇರುತ್ತದೆ, ಲಿವರ್‌ನ ಬುಡವನ್ನು ಗೇರ್‌ಬಾಕ್ಸ್‌ಗೆ ಹಿಡಿದಿಡುವುದಕ್ಕೆ. ಅದರ ಬುಷ್ ಹೋದರೆ ಎಲ್ಲಾ ದಿಕ್ಕಿಗೂ ಓಲಾಡುತ್ತದೆ, ಜನ ಅದನ್ನು ನೋಡುವುದೇ ಇಲ್ಲ. 1980ರ ದಶಕದ ಫೋಕ್ಸ್‌ವ್ಯಾಗನ್ ಗಾಲ್ಫ್‌ನಂಥ ಕಾರುಗಳಲ್ಲಿ ಈ ಕೀಲುಗಳು ಎಷ್ಟೊಂದು ಅಂದರೆ ಬುಷ್‌ಗಳ ಪೂರ್ತಿ ಸೆಟ್ ಬದಲಿಸುವುದೇ ವಾಡಿಕೆ. ಕೆಳಗೆ ಕೈ ಹಾಕುವ ಮೊದಲು ಸೈಲೆನ್ಸರ್ ಪೈಪ್ ತಣ್ಣಗಾಗಲಿ.

ಇಂಜಿನ್ ಶಕ್ತಿ ಹಿಂದಿನ ಚಕ್ರಕ್ಕೆ ಹೋಗುವ ಕಾರಿನವರೂ ಇದನ್ನು ಓದುತ್ತಿದ್ದರೆ: ಅಂಥ ಕೆಲವು ಕಾರುಗಳಲ್ಲಿ ಲಿವರ್ ನೇರ ಗೇರ್‌ಬಾಕ್ಸ್ ಮೇಲೇ ಕೂತಿರುತ್ತದೆ. ಅದರ ತುದಿಯ ನೈಲಾನ್ ಬಟ್ಟಲು ಸವೆದಿರುತ್ತದೆ. ಹಳೇ ಮಾಜ್ದಾ ಎಂಎಕ್ಸ್-5ನಲ್ಲಿ ಆ ಜಾಗಕ್ಕೆ ಬೇರೆಯೇ ಸ್ವಲ್ಪ ಆಯಿಲ್ ಇರುತ್ತದೆ, ರಬ್ಬರ್ ಬೂಟ್ ಹರಿದಿದ್ದರೆ ಶಾಖ, ಸದ್ದು ಎರಡೂ ಒಳಗೆ ಬರುತ್ತವೆ. ಮೇಲಿಂದಲೇ ಮಾಡುವ ಕೆಲಸ, ಸುಲಭ.

—

ಇಂಜಿನ್ ಮೌಂಟಿಂಗ್, ಅಂದರೆ ಇಂಜಿನ್ ಅನ್ನು ಕಾರಿಗೆ ಹಿಡಿದಿಡುವ ರಬ್ಬರ್ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ಆಕ್ಸಲರೇಟರ್ ಒತ್ತಿದಾಗ, ಬಿಟ್ಟಾಗ ಲಿವರ್ ತಾನೇ ಮುಂದೆ ಹಿಂದೆ ಹೋಗುತ್ತಿದ್ದರೆ ಅಲ್ಲಿ ನೋಡಿ. ರಾಡ್ ಮಾದರಿಯಲ್ಲಿ ಇದು ಜಾಸ್ತಿ ಗೊತ್ತಾಗುತ್ತದೆ. ಗೇರ್ ಹಾಕಲು ಗಟ್ಟಿ, ರಿವರ್ಸ್ ಹಾಕುವಾಗ ಸದ್ದು ಅಂದರೆ ಅದು ಲಿವರ್ ಕೆಲಸ ಅಲ್ಲ, ಕ್ಲಚ್ ನೋಡಿಸಿ.

ರಬ್ಬರ್‌ಗಿಂತ ಗಟ್ಟಿಯಾದ ಪಾಲಿಯುರಿಥೇನ್ ಬುಷ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಹಾಕಿದರೆ ಗೇರ್ ಟಕ್ ಅಂತ ಬೀಳುತ್ತದೆ, ನಿಜ. ಆದರೆ ನಡುಕವೆಲ್ಲ ಕೈಗೆ ಬರುತ್ತದೆ. ದಿನಾ ಓಡಿಸುವ ಕಾರಿಗೆ ಕಂಪನಿ ಬುಷ್‌ನಂಥದೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ರಬ್ಬರ್‌ಗೆ ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಿ, ಮಾಮೂಲಿ ಪೆಟ್ರೋಲಿಯಂ ಗ್ರೀಸ್ ಹಚ್ಚಿದರೆ ಬಹಳಷ್ಟು ರಬ್ಬರ್‌ಗಳು ಉಬ್ಬಿ ಹಾಳಾಗುತ್ತವೆ.

—

ಕೇಳಿದವನೇ ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್. ಕೇಬಲ್ ಮಾದರಿ. ಬೆರಳಿಟ್ಟು ನೋಡಿದಾಗ ಸೆಲೆಕ್ಟ್ ಕೇಬಲ್ ತುದಿಯ ಬುಷ್ ಅರ್ಧ ಇರಲೇ ಇಲ್ಲ. ಲಿವರ್ ಬುಡದಲ್ಲೂ ಸ್ವಲ್ಪ ಆಟವಿತ್ತು. ಎರಡನ್ನೂ ಬದಲಿಸಿದೆ, ಓಲಾಟ ಹೋಯಿತು. ಆದರೆ ಈಗ ಐದಕ್ಕೆ ಹೋಗಲು ಸ್ವಲ್ಪ ಬಲ ಹಾಕಬೇಕು. ಅಡ್ಜಸ್ಟ್ ಮಾಡಬೇಕಾ?

—

ಹೌದು. ಸವೆದ ಬುಷ್‌ಗೆ ಹೊಂದಿಸಿದ್ದ ಅಡ್ಜಸ್ಟ್‌ಮೆಂಟ್ ಹೊಸದಕ್ಕೆ ಸರಿ ಬರುವುದಿಲ್ಲ. ಗೇರ್‌ಬಾಕ್ಸ್ ನ್ಯೂಟ್ರಲ್‌ನಲ್ಲಿರಲಿ. ಬಹಳ ಕಾರುಗಳಲ್ಲಿ ಲಿವರ್ ಬುಡದಲ್ಲಿ ಅಥವಾ ಗೇರ್‌ಬಾಕ್ಸ್ ಮೇಲೆ ಪಿನ್ ತೂರಿಸಿ ಲಾಕ್ ಮಾಡುವ ತೂತು ಇರುತ್ತದೆ, ನಿಮ್ಮ ಕಾರಿನ ಸರ್ವಿಸ್ ಪುಸ್ತಕದಲ್ಲಿ ಜಾಗ ತೋರಿಸಿರುತ್ತಾರೆ. ಕೇಬಲ್ ಹಿಡಿದಿಡುವ ಕ್ಲಾಂಪ್ ಸಡಿಲಿಸಿ, ಲಾಕ್ ಮಾಡಿ, ಕೇಬಲ್ ತಾನಾಗಿ ಎಲ್ಲಿ ನಿಲ್ಲುತ್ತದೋ ಅಲ್ಲೇ ಬಿಗಿಯಿರಿ, ಎಳೆದು ಹಿಡಿಯಬೇಡಿ. ಪಿನ್ ತೆಗೆಯಲು ಮರೆಯಬೇಡಿ. ಆಮೇಲೆ ಇಂಜಿನ್ ಆಫ್ ಇದ್ದಾಗಲೇ ಎಲ್ಲಾ ಗೇರ್ ಹಾಕಿ ನೋಡಿ. ಯಾವುದಾದರೂ ಬೀಳದಿದ್ದರೆ ಕೂಡಲೇ ಗಾಬರಿ ಬೇಡ, ಹಲ್ಲು ಎದುರುಬದುರು ನಿಂತಿರಬಹುದು, ಕಾರನ್ನು ಒಂಚೂರು ತಳ್ಳಿ ಮತ್ತೆ ಹಾಕಿ. ರಸ್ತೆಗೆ ಇಳಿಯುವ ಮೊದಲು ಇಂಜಿನ್ ಆನ್ ಮಾಡಿ, ಕ್ಲಚ್ ಒತ್ತಿ, ಒಂದು, ಐದು ಮತ್ತು ರಿವರ್ಸ್ ಬೇರೆ ಬೇರೆಯಾಗಿ ಬೀಳುತ್ತವಾ ಅಂತ ನೋಡಿಕೊಳ್ಳಿ.