ಅಮ್ಮನ ವಸಡಿಗೂ ಮರೆವಿಗೂ ಸಂಬಂಧ ಇದೆಯಾ?

ಅಮ್ಮನಿಗೆ 71. ತಿಪಟೂರಿನಲ್ಲಿ ಒಬ್ಬರೇ ಇದ್ದರು, ಎಂಟು ತಿಂಗಳಿಂದ ನಮ್ಮ ಜೊತೆ ಇದ್ದಾರೆ. ಊಟ ಆದ ಮೇಲೆ ಎಲೆ ಅಡಿಕೆ ಬೇಕೇ ಬೇಕು. ಹಲ್ಲುಜ್ಜಿ ಉಗಿದರೆ ಸಿಂಕ್ ಕೆಂಪಾಗುತ್ತಿತ್ತು. ಎಲೆ ಅಡಿಕೆ ಬಣ್ಣ ಅಂತ ನಾನೂ ಸುಮ್ಮನಿದ್ದೆ. ರಕ್ತ ಅಂತ ಗೊತ್ತಾಗಿದ್ದು ಮೊನ್ನೆ! ಎರಡು ಹಲ್ಲು ಅಲ್ಲಾಡುತ್ತಿವೆ. ಈಚೆಗೆ ಮರೆವೂ ಜಾಸ್ತಿ, ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾರೆ. ವಸಡಿನ ಕ್ರಿಮಿ ಮಿದುಳಿಗೆ ಹೋಗಿ ಆಲ್ಜೈಮರ್ ಬರುತ್ತದೆ ಅಂತ ವಾಟ್ಸಾಪಿನಲ್ಲಿ ಒಂದು ವಿಡಿಯೊ ಬಂತು. ಹಲ್ಲು ಸರಿ ಮಾಡಿಸಿದರೆ ಮರೆವು ಹೋಗುತ್ತಾ?

ಉತ್ತರ 1
ನಾನು ದಂತವೈದ್ಯೆ. ವಿಡಿಯೊ ಪೂರ್ತಿ ಸುಳ್ಳಲ್ಲ, ಅರ್ಧ ಕಥೆ ಅಷ್ಟೇ. ಆಲ್ಜೈಮರ್ ಇದ್ದವರ ಮಿದುಳಿನಲ್ಲಿ ಪೋರ್ಫೈರೋಮೊನಾಸ್ ಜಿಂಜಿವ್ಯಾಲಿಸ್ ಎಂಬ ವಸಡಿನ ಬ್ಯಾಕ್ಟೀರಿಯಾದ ಗುರುತು ಸಿಕ್ಕಿದೆ ಅಂತ 2019ರಲ್ಲಿ ಒಂದು ವರದಿ ಬಂತು. ಆ ಬ್ಯಾಕ್ಟೀರಿಯಾದ ವಿಷವನ್ನು ತಡೆಯುವ ಮಾತ್ರೆಯನ್ನು 643 ಜನರ ಮೇಲೆ ಪರೀಕ್ಷೆಯೂ ಮಾಡಿದರು. 2021ರಲ್ಲಿ ಫಲಿತಾಂಶ ಬಂತು. ಒಟ್ಟಾರೆ ನೋಡಿದರೆ ಮರೆವು ಹೆಚ್ಚಾಗುವುದು ನಿಧಾನವಾಗಲಿಲ್ಲ. ಇದನ್ನು ಯಾವ ವಿಡಿಯೊದಲ್ಲೂ ಹೇಳುವುದಿಲ್ಲ ನೋಡಿ.

ವಸಡು ಹಲ್ಲಿನಿಂದ ಬಿಟ್ಟು ಸಂದಾದರೆ ಅಲ್ಲಿ ಕೊಳೆ ಕೂತು ವರ್ಷಗಟ್ಟಲೆ ಉರಿಯೂತ (ಕೆಂಪಾಗಿ ಊದಿಕೊಳ್ಳುವುದು) ಇರುತ್ತದೆ. ಆಗ ರಕ್ತಕ್ಕೆ ಸೇರುವ ಉರಿಯೂತದ ವಸ್ತುಗಳು ಮಿದುಳಿಗೂ ತೊಂದರೆ ಕೊಡಬಹುದು ಅನ್ನುವುದು ಒಂದು ವಾದ. ಆದರೆ ಮರೆವು ಶುರುವಾದವರು ಹಲ್ಲುಜ್ಜುವುದನ್ನೇ ಮರೆಯುತ್ತಾರೆ, ಅಲ್ವಾ? ಯಾವುದು ಮೊದಲು ಅಂತ ಬಿಡಿಸುವುದು ಕಷ್ಟ.

ಕ್ಲೀನಿಂಗ್ ಖಂಡಿತ ಮಾಡಿಸಿ, ಮರೆವು ಹೋಗಲಿ ಅಂತಲ್ಲ, ನೋವಿಲ್ಲದೆ ಅಗಿದು ಉಣ್ಣಲಿ ಅಂತ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಶುಗರ್ ನೋಡಿಸಿ. ಅಡಿಕೆ ಅಭ್ಯಾಸ ಇದೆ ಅಂದಿರಿ, ಅದರಿಂದ ಬಾಯಿ ಬಿಗಿಯಾಗುವುದುಂಟು, ಪೂರ್ತಿ ತೆರೆಯಲು ಬರುತ್ತಾ ಅಂತಲೂ ಗಮನಿಸಿ.

ಉತ್ತರ 2
ಅಕ್ಕಾ, ಮರೆವನ್ನು ಬೇರೆಯಾಗಿಯೇ ತೋರಿಸಿ. ನಮ್ಮಪ್ಪನಿಗೂ ಮರೆವಿತ್ತು, ನೋಡಿಸಿದರೆ ವಿಟಮಿನ್ ಬಿ12 ತೀರಾ ಕಡಿಮೆ ಇತ್ತು. ಥೈರಾಯ್ಡ್, ಕಿವಿ ಎರಡನ್ನೂ ನೋಡಿಸಿ, ಅವು ಸರಿ ಇಲ್ಲದಿದ್ದರೂ ಮರೆವಿನ ಹಾಗೆ ಕಾಣಬಹುದು. ‘ಬ್ರಶ್ ಮಾಡಿದ್ರಾ?’ ಅಂದರೆ ಅಪ್ಪ ಯಾವಾಗಲೂ ‘ಹೂಂ’ ಅನ್ನುತ್ತಿದ್ದರು, ಬ್ರಶ್ ಒಣಗಿರುತ್ತಿತ್ತು. ಈಗ ನಾನೇ ಎದುರು ನಿಂತು ಉಜ್ಜುತ್ತೇನೆ, ನೋಡಿಕೊಂಡು ಅವರೂ ಉಜ್ಜುತ್ತಾರೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಥ್ಯಾಂಕ್ಸ್. ನಾನೂ ಹೋಗಿ ನೋಡಿದೆ, ಅಮ್ಮನ ಬ್ರಶ್ಶೂ ಒಣಗಿತ್ತು. ಗುರುವಾರ ಹಲ್ಲಿಗೆ, ಸೋಮವಾರ ನರರೋಗ ತಜ್ಞರಿಗೆ ತೋರಿಸುತ್ತೇವೆ. ‘ಹಲ್ಲು ಕಿತ್ತರೆ ಅಡಿಕೆ ಹೆಂಗೆ ಅಗಿಯೋದೇ?’ ಅಂತ ಅಮ್ಮ ಕೇಳಿದರು. ಕುಟ್ಟಿ ಕೊಡುತ್ತೇನೆ ಅಂದುಬಿಟ್ಟೆ, ಡಾಕ್ಟರ್ ಬೈಯಬೇಡಿ. ಹತ್ತು ನಿಮಿಷ ಬಿಟ್ಟು ಮತ್ತೆ ಅದನ್ನೇ ಕೇಳಿದರು.