ಸಹಾಯ ಬೇಕು: ಅಪ್ಪನ ಜೊತೆ ಧವಳಪ್ಪನ ಗುಡ್ಡ ಹತ್ತಬೇಕು

ನಮಸ್ಕಾರ. ಬರುವ ಭಾನುವಾರ ಅಪ್ಪ, ನಾನು ಇಬ್ಬರೇ ದಾವಣಗೆರೆಯಿಂದ ಬಂದು ಚಿತ್ರದುರ್ಗದ ಧವಳಪ್ಪನ ಗುಡ್ಡ ಹತ್ತಬೇಕು ಅಂತಿದ್ದೇವೆ. ಕೋಟೆಯಲ್ಲಿ ರಜೆ ದಿನ ಜನ ಜಾಸ್ತಿ. ನಮಗೆ ಸದ್ದಿಲ್ಲದ ಜಾಗ ಬೇಕು.

ಅಪ್ಪನಿಗೆ 63. ಏರು ಆರಾಮಾಗಿ ಹತ್ತುತ್ತಾರೆ, ಇಳಿಯುವಾಗಲೇ ಮಂಡಿ ನೋವು. ಹೋದ ವರ್ಷ ಬೇರೆ ಗುಡ್ಡದಲ್ಲಿ ಒಣಹುಲ್ಲಿನ ಕೆಳಗಿದ್ದ ಸಣ್ಣ ಕಲ್ಲು ಜಾರಿ ಕುಸಿದು ಕೂತರು. ಅಂಗೈಯೆಲ್ಲ ತರಚಿ ರಕ್ತ ಬಂತು. ಆ ಭಯ ನನಗಿನ್ನೂ ಹೋಗಿಲ್ಲ.

ಚಂದ್ರವಳ್ಳಿ ಕಡೆಯಿಂದ ಹತ್ತಿದವರು ದಯವಿಟ್ಟು ಹೇಳಿ. ಕಾಲುದಾರಿ ಸರಿಯಾಗಿ ಕಾಣುತ್ತದಾ? ಇಳಿಯಲು ಯಾವ ಬದಿ ಸಲೀಸು? ಕರಡಿ ಓಡಾಟ ಇದೆಯಾ? ಬೆಳಿಗ್ಗೆ ಆರಕ್ಕೆ ಹೊರಟರೆ ಸಾಕಾ? ದುರ್ಗದ ಬಂಡೆ ಬೇಗ ಕಾಯುತ್ತದೆ ಅಲ್ವಾ.

ಇಳಿದ ಮೇಲೆ ಚಂದ್ರವಳ್ಳಿಯಲ್ಲಿ ಕೆರೆ ಕಟ್ಟಿಸಿದ ವಿಷಯ ಹೇಳುವ ಮಯೂರಶರ್ಮನ ಬಂಡೆ ಶಾಸನವನ್ನು ಅಪ್ಪನಿಗೆ ತೋರಿಸುವ ಆಸೆ ಇದೆ.