ಪದಚರ್ಚೆ: ಟಿವಿಯ ‘ಪ್ರೋಗ್ರಾಂ ಗೈಡ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಟಿವಿಯೊಂದರ ಸೆಟಪ್ ಮೆನು ಕನ್ನಡಕ್ಕೆ ಬರುತ್ತಿದೆ. ನಾಳೆ ಸಂಜೆಯೊಳಗೆ ಪದಪಟ್ಟಿ ಕಳಿಸಬೇಕು. ತೊಡಕಾಗಿರುವುದು ಇವು: ಪ್ರೋಗ್ರಾಂ ಗೈಡ್ (ಯಾವ ಚಾನೆಲ್ಲಿನಲ್ಲಿ ಯಾವಾಗ ಏನು ಎಂದು ತೋರಿಸುವ ಚೌಕಗಳ ಪಟ್ಟಿ), ಚಾನೆಲ್ ಸ್ಕ್ಯಾನ್, ‘ಆಂಟೆನಾ / ಕೇಬಲ್’ ಎಂಬ ಆಯ್ಕೆ, ಗೈಡಿನ ಖಾಲಿ ಚೌಕದಲ್ಲಿ ಬರುವ ‘ನೋ ಇನ್ಫರ್ಮೇಶನ್’, ಸ್ಕ್ರಾಂಬಲ್ಡ್ (ಕಾರ್ಡ್ ಇಲ್ಲದೆ ಕಾಣದ ಚಾನೆಲ್), ರಿಮೈಂಡರ್.

ನನ್ನ ಕರಡು ಹೀಗಿದೆ: ಕಾರ್ಯಕ್ರಮ ಮಾರ್ಗದರ್ಶಿ, ವಾಹಿನಿ ಶೋಧನೆ, ಆಂಟೆನಾ / ತಂತಿ, ಕಾರ್ಯಕ್ರಮ ಇಲ್ಲ, ಬೀಗ ಹಾಕಿದೆ, ಜ್ಞಾಪನೆ. ಒಂದೊಂದು ಗುಂಡಿಯಲ್ಲಿ 8 ಅಕ್ಷರದಷ್ಟು ಜಾಗವಿದೆ, ನಡುವಿನ ತೆರವೂ ಸೇರಿ. ಮೊದಲನೆಯದೇ ಹಿಡಿಸುತ್ತಿಲ್ಲ.

ಮರು:

‘ವಾಹಿನಿ’ ತಪ್ಪು. ಧಾತು ‘ವಹ್’, ಹೊರು ಎಂದು ಅರ್ಥ. ಹೊಳೆಗೂ ಸೇನೆಗೂ ವಾಹಿನಿ ಎಂದದ್ದು ಅದರಿಂದಲೇ. ಕೇಬಲಿನಲ್ಲಿ ಹೊರುವುದು ಯಾವುದು? ಆವರ್ತನ, ಎಂದರೆ ಫ್ರೀಕ್ವೆನ್ಸಿ. 8 ಮೆಗಾಹರ್ಟ್ಸ್ ಅಗಲದ ಒಂದೇ ಆವರ್ತನದ ಮೇಲೆ ಹತ್ತಾರು ಚಾನೆಲ್‌ಗಳು ಒಟ್ಟಿಗೆ ಬರುತ್ತವೆ. ಹೊತ್ತು ತರುವುದು ಅದು, ಹೊರಿಸಿಕೊಂಡು ಬರುವುದು ಚಾನೆಲ್. ಗಾಡಿಯಲ್ಲಿರುವ ಮೂಟೆಯನ್ನು ಗಾಡಿ ಎಂದು ಕರೆಯುವುದುಂಟೆ? ಡಿಜಿಟಲ್ ಟಿವಿ ಪ್ರಸಾರದ ಡಿವಿಬಿ ಮಾನಕದಲ್ಲೂ ಒಂದೊಂದು ಚಾನೆಲ್ಲಿಗೆ ಇರುವ ಹೆಸರು ‘ಸರ್ವಿಸ್’. ‘ಸೇವೆ’ ಎಂದು ಹಾಕಿ.

ಮರು:

> ‘ಸೇವೆ’ ಎಂದು ಹಾಕಿ.

ಬೇಡ. ಮೆನುವಿನಲ್ಲಿ ‘ಸೇವೆ’ ಎಂದು ಕಂಡರೆ ಜನ ರಿಪೇರಿ ಎಂದುಕೊಳ್ಳುತ್ತಾರೆ. ‘ಚಾನೆಲ್’ ಇರಲಿ.

ಕೇಳಿದವರಿಗೆ: ನಿಮ್ಮ ಕರಡಿನಲ್ಲಿ ಎಲ್ಲಕ್ಕಿಂತ ಅಪಾಯದ್ದು ‘ಕಾರ್ಯಕ್ರಮ ಇಲ್ಲ’. ಆ ಚೌಕ ಖಾಲಿ ಇದೆ ಎಂದರೆ ಆ ಹೊತ್ತಿಗೆ ಕಾರ್ಯಕ್ರಮ ಇಲ್ಲ ಎಂದಲ್ಲ. ಗೈಡಿನ ವಿವರ ಚಿತ್ರದ ಜೊತೆಗೇ ಕೇಬಲಿನಲ್ಲಿ ಬರುತ್ತದೆ. ಈಗಿನ ಮತ್ತು ಮುಂದಿನ ಕಾರ್ಯಕ್ರಮದ ಹೆಸರು ಸುಮಾರು 2 ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಬರುವುದರಿಂದ ಚಾನೆಲ್ ಹಾಕಿದ ಕೂಡಲೇ ಕಾಣುತ್ತದೆ. ಉಳಿದ ದಿನಗಳ ಪಟ್ಟಿ ತುಂಬಲು ಹೊತ್ತು ಹಿಡಿಯುತ್ತದೆ. ಕೇಬಲ್ ನಡೆಸುವವರು ಎಲ್ಲ ಆವರ್ತನಗಳ ವಿವರವನ್ನೂ ಪ್ರತಿಯೊಂದು ಆವರ್ತನದಲ್ಲಿ ಕಳಿಸದೇ ಇದ್ದರೆ ಟಿವಿಗೆ ಸಿಗುವುದು ಸದ್ಯ ನೋಡುತ್ತಿರುವ ಆವರ್ತನದ ಚಾನೆಲ್‌ಗಳ ವಿವರ ಮಾತ್ರ. ಬೇರೆ ಆವರ್ತನದ ಒಂದು ಚಾನೆಲ್ಲಿಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟರೆ ಆ ಸಾಲುಗಳೂ ತುಂಬುತ್ತವೆ.

‘ಕಾರ್ಯಕ್ರಮ ಇಲ್ಲ’ ಎಂದು ಓದಿದವರು ಏನು ಮಾಡುತ್ತಾರೆ? ಮತ್ತೆ ಪೂರ್ತಿ ಸ್ಕ್ಯಾನ್ ಮಾಡುತ್ತಾರೆ. ಬಹಳಷ್ಟು ಟಿವಿಗಳಲ್ಲಿ ಅದು ಹಳೆಯ ಪಟ್ಟಿಯನ್ನು ಅಳಿಸಿ ಹೊಸದಾಗಿ ಕಟ್ಟುತ್ತದೆ. ಕೈಯಾರೆ ಜೋಡಿಸಿದ ಕ್ರಮವೂ ಮೆಚ್ಚಿನ ಚಾನೆಲ್‌ಗಳೂ ಹೋಗುತ್ತವೆ, ಗೈಡ್ ಮಾತ್ರ ಖಾಲಿಯೇ. ‘ವಿವರ ಬಂದಿಲ್ಲ’ ಎಂದು ಹಾಕಿ. 8 ಅಕ್ಷರದೊಳಗೆ ಹಿಡಿಸುತ್ತದೆ, ನಿಜವೂ ಹೌದು.

‘ತಂತಿ’ಯೂ ಬೇಡ. ಆಂಟೆನಾದಿಂದ ಬರುವುದೂ ತಂತಿಯಲ್ಲೇ, ಅದೇ ದುಂಡು ಸಾಕೆಟ್ಟಿಗೇ. ‘ಆಂಟೆನಾ / ತಂತಿ’ ಎಂದು ಕೇಳಿದರೆ ಯಾವುದನ್ನು ಒತ್ತಬೇಕು ಎಂದು ಯಾರಿಗೂ ತಿಳಿಯದು. ತಪ್ಪು ಒತ್ತಿದರೆ ಟಿವಿ ಬೇರೆ ಬಗೆಯ ಸಂಕೇತ ಹುಡುಕುತ್ತದೆ, ಕೊನೆಗೆ 0 ಚಾನೆಲ್ ಎಂದು ತೋರಿಸುತ್ತದೆ.

ಮರು:

ಎಲ್ಲವನ್ನೂ ‘ಇರಲಿ, ಇರಲಿ’ ಎಂದು ಬಿಟ್ಟರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ಇಂಗ್ಲಿಷಿನ ‘ಚಾನೆಲ್’ ಮೂಲದಲ್ಲಿ ನೀರು ಹರಿಯುವ ದಾರಿಯೇ, ‘ಕೆನಾಲ್’ ಅದರ ಒಡಹುಟ್ಟು. ನಮ್ಮಲ್ಲಿ ‘ಕಾಲುವೆ’ ಇದೆ, ತಮಿಳಿನಲ್ಲಿ ‘ಕಾಲ್ವಾಯ್’. ಇಂಗ್ಲಿಷಿನವರು ತಮ್ಮ ಕಾಲುವೆಯ ಹೆಸರನ್ನು ಟಿವಿಗೆ ಕೊಟ್ಟರು, ನಾವೇಕೆ ಕೊಡಬಾರದು? ‘ಕಾಲುವೆ ಹುಡುಕು’. ಅಚ್ಚ ಕನ್ನಡ. ‘ಕಾರ್ಯಕ್ರಮ ಪಟ್ಟಿ’ಯನ್ನೂ ಯಾರೋ ಸೂಚಿಸುತ್ತಾರೆ, ನೋಡುತ್ತಿರಿ. ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದರೆ ವ್ಯಾಕರಣ ಒಪ್ಪುವುದಿಲ್ಲ. ಅದು ಅರಿಸಮಾಸ.

ಮರು:

> ಅದು ಅರಿಸಮಾಸ.

ಅಲ್ಲ. ಬಿಡಿಸಿ ಬರೆದ ಎರಡು ಪದ, ಸಮಾಸವೇ ಆಗಿಲ್ಲ. ‘ಪಟ್ಟಿ’ಯೂ ಸಂಸ್ಕೃತದ ‘ಪಟ್ಟಿಕಾ’ದ ಕಡೆಯದೇ. ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜನನ್ನು ರಿಮೋಟಿನವರೆಗೆ ಎಳೆಯಬೇಡಿ.

ಕಾಲುವೆ ಒಳ್ಳೆಯ ಪದ. ಆದರೆ ಅದು ಗದ್ದೆಗೆ ನೀರುಣಿಸುತ್ತಿದೆ, ಅಲ್ಲಿ ಅದಕ್ಕೆ ಕೆಲಸವಿದೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಕಟ್ಟಿದ ರೇಡಿಯೊ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂತು. ಅಚ್ಚಗನ್ನಡದವರು ‘ಬಾನುಲಿ’ ಎಂದರು. ಎರಡೂ ಚೆಂದವೇ. ಆದರೂ ಪೆಟ್ಟಿಗೆಗೆ ಜನ ಅಂದದ್ದು ರೇಡಿಯೊ. ‘ದೂರದರ್ಶನ’ವೂ ಪ್ರಸಾರ ಸಂಸ್ಥೆಯ ಹೆಸರಾಯಿತು, ಪೆಟ್ಟಿಗೆ ಟಿವಿಯಾಗಿಯೇ ಉಳಿಯಿತು. ಪದ ಹುಟ್ಟಿಸುವುದನ್ನು ನಾನು ಬೇಡ ಎನ್ನುತ್ತಿಲ್ಲ. ಹುಟ್ಟಿಸಿದ ಪದವನ್ನು ಮೊದಲು ಕತೆ, ಪತ್ರಿಕೆಗಳಲ್ಲಿ ಓಡಾಡಿಸಿ, ಆಮೇಲೆ ಗುಂಡಿಯ ಮೇಲೆ ಬರೆಯಿರಿ. ಗುಂಡಿ ಒತ್ತುವವನಿಗೆ ನಿಘಂಟು ತೆರೆಯುವಷ್ಟು ಪುರುಸೊತ್ತು ಇರುವುದಿಲ್ಲ.

ಮರು:

> ಗುಂಡಿ ಒತ್ತುವವನಿಗೆ ನಿಘಂಟು ತೆರೆಯುವಷ್ಟು ಪುರುಸೊತ್ತು ಇರುವುದಿಲ್ಲ.

ಹಾಗಾದರೆ ಕೇಬಲ್ ಸ್ಕ್ಯಾನಿನ ಮೆನುವಿನಲ್ಲಿ ಬರುವ ‘ಕ್ವಾಮ್’ (ಸಂಕೇತವನ್ನು ಆವರ್ತನದ ಮೇಲೆ ಹೊರಿಸುವ ಬಗೆ), ‘ಸಿಂಬಲ್ ರೇಟ್’ (ಅದರ ವೇಗ) ಅವನಿಗೆ ತಿಳಿಯುತ್ತದೆಯೇ? ಕನ್ನಡಕ್ಕೆ ಮಾತ್ರ ಈ ಪರೀಕ್ಷೆ ಏಕೆ?

ಮರು:

ಅವನಿಗೆ ತಿಳಿಯಬೇಕಾಗಿಲ್ಲ, ಹೊಂದಿಸಿದರೆ ಸಾಕು. ಕೇಬಲಿನವರು ಕೊಟ್ಟ ಚೀಟಿಯಲ್ಲಿ ‘ಸಿಂಬಲ್ ರೇಟ್ 6875’ ಅಥವಾ ‘6900’ ಎಂದಿರುತ್ತದೆ, ಮಾಡ್ಯುಲೇಶನ್ 64 ಅಥವಾ 256 ಕ್ವಾಮ್ ಎಂದಿರುತ್ತದೆ. ಮೆನುವಿನಲ್ಲೂ ಅದೇ ಮಾತು ಇದ್ದರೆ ಪಕ್ಕಪಕ್ಕ ಹಿಡಿದು ತುಂಬುತ್ತಾನೆ. ನೀವು ‘ಸಂಕೇತ ದರ’ ಎಂದು ಬರೆದರೆ ಆ ಚೀಟಿಯ ಯಾವ ಸಾಲು ಇದು ಎಂದು ಹುಡುಕುತ್ತಾನೆ. 6900 ಇರುವಲ್ಲಿ 6875 ಹಾಕಿದರೆ ಸ್ಕ್ಯಾನ್ 100 ಶೇಕಡಾ ಮುಗಿದರೂ ಪಟ್ಟಿ ಖಾಲಿ ಉಳಿಯಬಹುದು. ತಪ್ಪು ಎಲ್ಲಾಯಿತು ಎಂದು ಟಿವಿ ಹೇಳುವುದಿಲ್ಲ. ಹಾಗಾಗಿ ಚೀಟಿಯಿಂದ ನೋಡಿ ತುಂಬುವ ಜಾಗದಲ್ಲಿ ಎರವಲು ಪದ, ಓದಿ ನಿರ್ಧಾರ ಮಾಡುವ ಜಾಗದಲ್ಲಿ ಕನ್ನಡ. ನಾನು ಹಿಡಿಯುವ ಗೆರೆ ಇಷ್ಟೇ.

ಅದೇ ಗೆರೆಯಲ್ಲಿ ‘ಬೀಗ ಹಾಕಿದೆ’ಯನ್ನೂ ನೋಡಿ. ಮಕ್ಕಳು ನೋಡದಂತೆ ಪಿನ್ ಹಾಕುವುದು ಬೀಗ, ಅದನ್ನು ಮನೆಯವರೇ ತೆಗೆಯಬಹುದು. ಸ್ಕ್ರಾಂಬಲ್ಡ್ ಚಾನೆಲ್ಲಿನ ಹೆಸರು ಪಟ್ಟಿಯಲ್ಲಿ ಬರುತ್ತದೆ, ಗೈಡಿನಲ್ಲಿ ಕಾರ್ಯಕ್ರಮದ ಹೆಸರೂ ಬರಬಹುದು, ತೆರೆ ಮಾತ್ರ ಕಪ್ಪು. ಅದಕ್ಕೆ ಟಿವಿಯ ಹಿಂಬದಿಯ ಕಿಂಡಿಗೆ ಕಾರ್ಡ್ ಕೂರಿಸುವ ಮಾಡ್ಯೂಲೂ ಕೇಬಲಿನವರ ಕಾರ್ಡೂ ಬೇಕು. ಎರಡಕ್ಕೂ ‘ಬೀಗ’ ಎಂದರೆ ಜನ ಪಿನ್ ಒತ್ತುತ್ತಾ ಕೂರುತ್ತಾರೆ. ‘ಕಾರ್ಡ್ ಬೇಕು’ ಎನ್ನಿ.

ಮರು:

ತುಂಬ ಉಪಕಾರವಾಯಿತು. ಈಗಿನ ಪಟ್ಟಿ: ಕಾರ್ಯಕ್ರಮ ಪಟ್ಟಿ, ಚಾನೆಲ್ ಹುಡುಕು, ಆಂಟೆನಾ / ಕೇಬಲ್, ವಿವರ ಬಂದಿಲ್ಲ, ಕಾರ್ಡ್ ಬೇಕು. ಕಾರ್ಯಕ್ರಮದ ಹೆಸರುಗಳೂ ಕನ್ನಡದಲ್ಲೇ ಬಂದರೆ ಚೌಕದಲ್ಲಿ ಎಷ್ಟು ಉದ್ದ ಬರಬಹುದು? ರಿಮೈಂಡರ್ ಇನ್ನೂ ಬಾಕಿ.

ಮರು:

ಹೆಸರು ಮತ್ತು ಚಿಕ್ಕ ಪರಿಚಯ ಎರಡೂ ಸೇರಿ ಹೋಗುವುದು 250 ಬೈಟಿನ ಒಂದು ಪೊಟ್ಟಣದಲ್ಲಿ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಒತ್ತು, ಗುಣಿತಗಳನ್ನೂ ಬೇರೆಬೇರೆ ಎಣಿಸಬೇಕು: ‘ಕಾರ್ಯಕ್ರಮ’ ಕಣ್ಣಿಗೆ 4 ಅಕ್ಷರ, ಎಣಿಸಿದರೆ 9 ಸಂಕೇತ, 27 ಬೈಟ್. ಒಟ್ಟು ಸುಮಾರು 80 ಸಂಕೇತಗಳಿಗೆ ಪೊಟ್ಟಣ ತುಂಬಿತು. ಅದಕ್ಕಿಂತ ಉದ್ದದ ಪರಿಚಯ ಬೇರೆ ಪೊಟ್ಟಣದಲ್ಲಿ ಬರಬೇಕು.

ಅಗಲಕ್ಕಿಂತ ಎತ್ತರ ನೋಡಿಕೊಳ್ಳಿ. ಗುಂಡಿಯ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಳೆದದ್ದಾದರೆ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುತ್ತದೆ. ‘ಕಾರ್ಯಕ್ರಮ ಪಟ್ಟಿ’ ತೆರೆಯ ಮೇಲೆ ‘ಕಾರ್ಯಕಮ ಪಟಿ’ ಆಗುತ್ತದೆ. ಪದ ಒಪ್ಪಿಸುವ ಮುಂಚೆ ಇದನ್ನು ತೆರೆಯ ಮೇಲೆ ನೋಡಿಯೇ ಒಪ್ಪಿಸಿ.

ಮರು:

‘ಜ್ಞಾಪನೆ’ ಬೇಡ, ಕಚೇರಿಯ ಮೆಮೊ ಇದ್ದಂತಿದೆ. ‘ನೆನಪಿಸು’. ಆದರೆ ಆ ಟಿವಿಯಲ್ಲಿ ರಿಮೈಂಡರ್ ಏನು ಮಾಡುತ್ತದೆ ಎಂದು ಮೊದಲು ವಿಚಾರಿಸಿ. ಕೆಲವು ಟಿವಿಗಳು ಹೊತ್ತಾದಾಗ ಸಾಲೊಂದನ್ನು ತೋರಿಸಿ ಸುಮ್ಮನಾಗುತ್ತವೆ. ಕೆಲವು ನೋಡುತ್ತಿದ್ದ ಚಾನೆಲ್ಲನ್ನು ತಾವೇ ಬದಲಿಸುತ್ತವೆ. ಎರಡನೆಯ ಬಗೆಯದಾದರೆ ‘ನೆನಪಿಸು’ ಸುಳ್ಳಾಗುತ್ತದೆ, ‘ಆಗ ಬದಲಿಸು’ ಎಂದೇ ಬರೆಯಬೇಕು.

ಮರು:

ಕಾಲುವೆಯ ಮಾತು ಇನ್ನೂ ಮುಗಿದಿಲ್ಲ. ಬೇರೆ ಎಳೆಯಲ್ಲಿ ಬರೆಯುತ್ತೇನೆ.